ಸೇತುವೆ ದಾಟಿದರೆ ಏರು

ಕೇಳುಗರೆಲ್ಲರಿಗೂ ನಮಸ್ಕಾರ.

ಮೈಸೂರಿನಿಂದ ಮಡಿಕೇರಿಗೆ ನಾನು ಬಸ್ಸಿನಲ್ಲಿ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ತಂಗಿಯನ್ನು ಕೊಟ್ಟ ಊರು ಅದು. ಇಲವಾಲ, ಬಿಳಿಕೆರೆ, ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ, ಸುಂಟಿಕೊಪ್ಪ ಎಂದು ದಾರಿಯನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನಿಜ ಹೇಳಬೇಕೆಂದರೆ ಹೆಚ್ಚಿನ ಸಲ ಕಣ್ಣು ಮುಚ್ಚಿಕೊಂಡೇ ಹೋಗಿದ್ದೆ. ಕುಶಾಲನಗರದವರೆಗೆ ರಸ್ತೆ ಚಪ್ಪಟೆ, ಆಮೇಲೆ ಘಟ್ಟ ಎಂಬುದು ನನ್ನ ತಿಳಿವಳಿಕೆ. ನಲವತ್ತೆಂಟನೆಯ ವಯಸ್ಸಿನಲ್ಲಿ ಒಬ್ಬನೇ ಸೈಕಲ್ ತುಳಿದುಕೊಂಡು ಹೊರಟ ದಿನ ಆ ತಿಳಿವಳಿಕೆ ಹುಣಸೂರಿಗೆ ಮೊದಲೇ ನೀರುಪಾಲಾಯಿತು.

ದೂರ ಸುಮಾರು 120 ಕಿಲೋಮೀಟರ್. ಅದಕ್ಕೆ ಮೊದಲು ಒಂದೇ ದಿನ ನಾನು ತುಳಿದದ್ದು ಹೆಚ್ಚೆಂದರೆ ಶ್ರೀರಂಗಪಟ್ಟಣಕ್ಕೆ ಹೋಗಿ ಬರುವಷ್ಟು, ಮೂವತ್ತು ಚಿಲ್ಲರೆ. "ಹೋಗುವುದೇನೋ ಹೋಗುತ್ತೀರಿ, ಬರುವುದು ಹೇಗೆ?" ಎಂದು ಹೆಂಡತಿ ಕೇಳಿದಳು. ಬರುವಾಗ ಬಸ್ಸು ಎಂದೆ. "ಅದು ಹೋಗುವಾಗಲೂ ಇದೆಯಲ್ಲ!" ಎಂದಳು. ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಡಿಸೆಂಬರಿನ ಒಂದು ಭಾನುವಾರ ಬೆಳಗಿನ ಐದೂವರೆಗೆ, ಸೀಟಿನ ಹಿಂದೆ ಕೆಂಪು ದೀಪ ಮಿನುಗಿಸಿಕೊಂಡು ಹೊರಟೆ.

ತಿಂಗಳನ್ನು ಮಾತ್ರ ಯೋಚಿಸಿ ಆರಿಸಿದ್ದೆ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಈಶಾನ್ಯದಿಂದ ಬೀಸುತ್ತದೆ, ಪಡುವಣಕ್ಕೆ ಹೊರಟವನ ಬೆನ್ನಿಗೆ ಅದು ಆಸರೆ. ಇದೇ ದಾರಿಯನ್ನು ಮುಂಗಾರಿನಲ್ಲಿ ಹಿಡಿದಿದ್ದರೆ ಗಾಳಿ ನೇರ ಎದೆಗೆ. ಇಷ್ಟು ಲೆಕ್ಕ ಹಾಕಿದ ನಾನು ನೆಲದ ಲೆಕ್ಕವನ್ನೇ ಬಿಟ್ಟಿದ್ದೆ. ಮೈಸೂರಿಗೂ ಕುಶಾಲನಗರಕ್ಕೂ ಎತ್ತರದಲ್ಲಿ ನೂರು ಮೀಟರಿನ ವ್ಯತ್ಯಾಸವೂ ಇಲ್ಲ. ಅದನ್ನು ಓದಿ ಚಪ್ಪಟೆ ಎಂದುಕೊಂಡಿದ್ದೆ. ಆದರೆ ಆ ಸೀಮೆಯ ಹಳ್ಳಗಳೆಲ್ಲ ಲಕ್ಷ್ಮಣತೀರ್ಥವನ್ನೋ ಕಾವೇರಿಯನ್ನೋ ಹುಡುಕಿಕೊಂಡು ಹೊರಟಿವೆ, ರಸ್ತೆಯೋ ಅವುಗಳನ್ನು ಅಡ್ಡ ಹಾಯ್ದು ಹೋಗುತ್ತದೆ. ಹಾಗಾಗಿ ಮೋರಿ ಇದ್ದಲ್ಲೆಲ್ಲ ತಗ್ಗು, ತಗ್ಗಿನ ಆಚೆ ಏರು. ಬಸ್ಸಿನಲ್ಲಿ ಇದು ಎಂಜಿನ್ನಿನ ತಲೆನೋವು. ಸೈಕಲ್ಲಿನವನಿಗೆ ಮೊಣಕಾಲೇ ರಸಮಟ್ಟ. ಮೊದಮೊದಲು ಇಳಿಜಾರು ಬಂದರೆ ಹಿಗ್ಗುತ್ತಿದ್ದವನು, ಎರಡು ಗಂಟೆ ಕಳೆಯುವಷ್ಟರಲ್ಲಿ ಇಳಿಜಾರು ಕಂಡರೆ ಹೆದರತೊಡಗಿದೆ. ಸಾಲ ಸಿಕ್ಕ ಹಾಗೆ ಅದು.

ಬಿಳಿಕೆರೆ ದಾಟಿದ ಮೇಲೆ ಅಂಥದೊಂದು ಏರಿನಲ್ಲಿ, ಇಪ್ಪತ್ತೊಂದು ಗೇರಿನ ನನ್ನ ಸೈಕಲ್ಲನ್ನು ಗೇರೇ ಇಲ್ಲದ ಹಳೆಯ ಸೈಕಲ್ಲೊಂದು ಹಿಂದೆ ಹಾಕಿತು. ಕ್ಯಾರಿಯರಿನ ಎರಡೂ ಬದಿಗೆ ಹಾಲಿನ ಕ್ಯಾನು, ತುಳಿಯುತ್ತಿದ್ದವರ ತಲೆಗೆ ಮಫ್ಲರ್, ವಯಸ್ಸು ಅರವತ್ತರ ಮೇಲೆ. "ಎಲ್ಲಿಗೆ ಸ್ವಾಮಿ?" ಎಂದರು. ಮಡಿಕೇರಿಗೆ ಎಂದೆ. ನನ್ನನ್ನೂ ನನ್ನ ಹೆಲ್ಮೆಟ್ಟನ್ನೂ ಒಮ್ಮೆ ನೋಡಿ, "ಹರಕೆಯೇ?" ಎಂದು ಕೇಳಿದರು. ಅಲ್ಲವೆಂದಾಗ ಅವರ ಮುಖದಲ್ಲಿದ್ದ ಗೌರವ ತುಸು ಇಳಿಯಿತು. ಹೋಗುವ ಮುನ್ನ, "ಸೀಟು ತಗ್ಗಾಗಿದೆ, ಮಂಡಿ ಹಿಡಿಯುತ್ತದೆ. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು" ಎಂದರು. ಇಳಿದು ಎರಡು ಬೆರಳಿನಷ್ಟು ಎತ್ತರಿಸಿಕೊಂಡೆ. ಸೈಕಲ್ ಕೊಂಡ ಅಂಗಡಿಯಲ್ಲಿ ಬಾಟಲಿ, ಕೈಗವಸು, ಗಂಟೆ ಎಲ್ಲ ಮಾರಿದ್ದರು, ಇದೊಂದನ್ನು ಹೇಳಿರಲಿಲ್ಲ.

ಹುಣಸೂರಿನಲ್ಲಿ ಎರಡೇ ಇಡ್ಲಿ ತಿಂದೆ. ಹೊಟ್ಟೆ ಭಾರವಾದೀತು ಎಂಬ ಜಾಣತನ. ಲಕ್ಷ್ಮಣತೀರ್ಥದ ಸೇತುವೆ, ಅದರ ಆಚೆಯ ಏರು, ಹೊಗೆಸೊಪ್ಪು ಒಣಗಿಸುವ ಎತ್ತರದ ಬ್ಯಾರನ್‌ಗಳು, ಪಿರಿಯಾಪಟ್ಟಣ, ಎಲ್ಲ ಸರಾಗವಾಗಿ ಹಿಂದೆ ಸರಿದವು. ಹಸಿವೆ ಆಗಲೇ ಇಲ್ಲ. ಮೋಸವಿದ್ದದ್ದು ಅಲ್ಲೇ. ಮೊದಲು ಬಂದದ್ದು ಸಿಟ್ಟು. ಸುಮ್ಮನೆ ಮೇಯುತ್ತಿದ್ದ ಒಂದು ಎಮ್ಮೆಯ ಮೇಲೆ. ಆಮೇಲೆ ಕೈ ಸಣ್ಣಗೆ ನಡುಗಿತು. ಕಿಲೋಮೀಟರ್ ಕಲ್ಲಿನ ಮೇಲೆ ಮಡಿಕೇರಿ 43 ಎಂದಿತ್ತು. 120ರಲ್ಲಿ 43 ಕಳೆದರೆ ಎಷ್ಟು? ಇಪ್ಪತ್ತೈದು ವರ್ಷ ಕಚೇರಿಯಲ್ಲಿ ಲೆಕ್ಕಪತ್ರ ನೋಡಿದ ನನಗೆ ಗೊತ್ತಾಗಲಿಲ್ಲ. ಮೂರು ಸಲ ಕಳೆದೆ, ಮೂರು ಉತ್ತರ ಬಂತು. ಹೊಂಗೆಯ ಮರದ ಕೆಳಗೆ ಸೈಕಲ್ಲನ್ನು ಒರಗಿಸದೆ, ಬೀಳಲು ಬಿಟ್ಟು ಕುಳಿತೆ.

ಚೀಲದಲ್ಲಿ ಹೆಂಡತಿ ಕಟ್ಟಿಕೊಟ್ಟ ಹುರಿದ ಕಡಲೆಕಾಯಿ, ಎರಡು ಅಚ್ಚು ಬೆಲ್ಲ ಇದ್ದವು. ಬೇಡವೆಂದಿದ್ದೆ, ತುರುಕಿದ್ದಳು. ಬೆಲ್ಲವನ್ನು ಕಚ್ಚಿ ಬಾಯಲ್ಲಿಟ್ಟುಕೊಂಡು, ಸಿಪ್ಪೆ ಸುಲಿಯುವ ತಾಳ್ಮೆಯೂ ಇಲ್ಲದೆ ಕಡಲೆಕಾಯಿಯನ್ನು ಹಲ್ಲಿನಲ್ಲೇ ಒಡೆದೆ. ಕಾಲು ಗಂಟೆಯಾಗುವಷ್ಟರಲ್ಲಿ ಮರದ ಎಲೆಗೆ ಮತ್ತೆ ಹಸಿರು ಬಂತು, 77 ಎಂಬ ಉತ್ತರವೂ ಬಂತು. ಸ್ನಾಯುಗಳಲ್ಲಿ, ಯಕೃತ್ತಿನಲ್ಲಿ ದೇಹ ಕೂಡಿಟ್ಟ ಸಕ್ಕರೆ ಕೆಲವೇ ಗಂಟೆಗಳ ದುಡಿಮೆಗೆ ಸಾಲುವಷ್ಟು. ಅದು ಮುಗಿದರೆ ಮೊದಲು ಮಂಕಾಗುವುದು ತಲೆ. ಹಸಿದು ಉಣ್ಣಬೇಕು ಎಂಬ ಮಾತು ಮನೆಯಲ್ಲಿ ಸರಿ. ದೂರ ತುಳಿಯುವವನು ಹಸಿಯುವ ಮೊದಲೇ, ಗಂಟೆಗೊಮ್ಮೆಯಾದರೂ ಬಾಯಾಡಿಸಬೇಕು.

ಬೈಲಕುಪ್ಪೆಯಲ್ಲಿ ಪಂಕ್ಚರ್ ಆಯಿತು. ಸವೆದ ಲಾರಿ ಟೈರುಗಳಿಂದ ಉದುರುವ ತಂತಿಯ ಚೂರು, ಕೂದಲಿನಷ್ಟು ತೆಳು. ತೂತು ಹುಡುಕಲು ನೀರಿನ ಬೋಗುಣಿ ಎಲ್ಲಿಂದ ತರುವುದು? ಗಾಳಿ ತುಂಬಿದ ಟ್ಯೂಬನ್ನು ಕೆನ್ನೆಯ ಹತ್ತಿರ ಮೆಲ್ಲಗೆ ತಿರುಗಿಸುತ್ತಾ ಹೋದರೆ ಒಂದು ಕಡೆ ತಣ್ಣಗೆ ಸೋಕುತ್ತದೆ, ಅಲ್ಲೇ. 1961ರಿಂದ ಟಿಬೆಟಿನವರು ನೆಲೆಸಿರುವ ಊರದು. ಕಡುಗೆಂಪು ನಿಲುವಂಗಿಯ ಇಬ್ಬರು ಎಳೆಯ ಭಿಕ್ಷುಗಳು ನಿಂತು, ನಾನು ಟ್ಯೂಬಿಗೆ ಕೆನ್ನೆ ಕೊಟ್ಟದ್ದನ್ನು ನೋಡಿ ಬಿದ್ದು ಬಿದ್ದು ನಕ್ಕರು. 1884ರಲ್ಲಿ ಎತ್ತರದ ಚಕ್ರದ ಸೈಕಲ್ ಹತ್ತಿ ಭೂಮಿ ಸುತ್ತಲು ಹೊರಟ ಥಾಮಸ್ ಸ್ಟೀವನ್ಸ್‌ಗೆ ಈ ಪಾಡಿರಲಿಲ್ಲ. ಅವನದು ಗಟ್ಟಿ ರಬ್ಬರಿನ ಟೈರು. ಡನ್‌ಲಪ್ ಗಾಳಿ ಟೈರು ತಂದದ್ದು 1888ರಲ್ಲಿ. ಅವನ ಬೆನ್ನುಮೂಳೆ ಏನೆಂದಿತೋ, ಅದು ಬೇರೆ ಮಾತು.

ಕುಶಾಲನಗರದ ಬಾಗಿಲಿನಲ್ಲೇ ಕಾವೇರಿ ಸೇತುವೆ. ಅದರ ಮೇಲೆ ನಿಂತು ನೀರು ಕುಡಿದೆ. ಬೆಳಗಿನಿಂದ ಕಲಿತ ಪಾಠದ ಪ್ರಕಾರ ಸೇತುವೆ ದಾಟಿದರೆ ಏರು. ಈ ಸೇತುವೆಯ ಆಚೆಯ ಏರು ಸುಮಾರು ಮೂವತ್ತು ಕಿಲೋಮೀಟರ್, ಎಂಟುನೂರು ಚಿಲ್ಲರೆ ಮೀಟರಿನಿಂದ ಸುಮಾರು 1150ಕ್ಕೆ. ಆನೆಕಾಡನ್ನು ಹೊತ್ತಿರುವಾಗಲೇ ದಾಟಬೇಕೆಂದು ಒಂದೇ ಉಸಿರಿಗೆ ತುಳಿದೆ. ಹೆಸರೇ ಹೇಳುವಂತೆ ಅಲ್ಲಿ ಅಡ್ಡ ಬರುವವರ ಜೊತೆ ವಾದಕ್ಕೆ ನಿಲ್ಲುವಂತಿಲ್ಲ. ಸುಂಟಿಕೊಪ್ಪದಲ್ಲಿ ಚಹಾ. ಬೋಯಿಕೇರಿಯ ಹತ್ತಿರ ಇಳಿದು ತಳ್ಳಿಕೊಂಡು ಹೋದೆ. ಅರ್ಧ ಗಂಟೆಯೇ ತಳ್ಳಿರಬೇಕು. ಕಾಫಿ ಕೊಯ್ದು ಮರಳುತ್ತಿದ್ದ ಹೆಂಗಸರು ನನಗಿಂತ ಬೇಗ ನಡೆಯುತ್ತಿದ್ದರು.

ಮರುದಿನ ಮುಂದಿನ ಚಕ್ರ ಬಿಚ್ಚಿ, ಸೈಕಲ್ಲನ್ನು ಬಸ್ಸಿನ ಸಾಮಾನಿನ ಜಾಗದಲ್ಲಿ ಮಲಗಿಸಿ, ಅದಕ್ಕೂ ಟಿಕೆಟ್ ಕೊಂಡು ಕಿಟಕಿಯ ಪಕ್ಕ ಕುಳಿತೆ. ಈ ಸಲ ನಿದ್ದೆ ಬರಲಿಲ್ಲ. ಪಿರಿಯಾಪಟ್ಟಣ ದಾಟಿದ ಮೇಲೆ ಬೆರಳು ಮಡಚಿ ಎಣಿಸುತ್ತಿದ್ದೆ. ಪಕ್ಕದವರು, "ಏನು ಎಣಿಸುತ್ತಿದ್ದೀರಿ?" ಎಂದು ಕೇಳಿದರು.

ಮೋರಿ ಎಂದೆ. ಅವರು ಸ್ವಲ್ಪ ಸರಿದು ಕುಳಿತರು.

ನಮಸ್ಕಾರ.