ತಾಯಿಯ ಒತ್ತಡ, ಮಗುವಿನ ಸ್ವಭಾವ

ಸಭಿಕರಿಗೆ ನಮಸ್ಕಾರ. ಸದಾ ರಚ್ಚೆ ಹಿಡಿಯುವ, ಸಣ್ಣ ಸದ್ದಿಗೂ ಬೆಚ್ಚಿಬೀಳುವ ಮಗುವನ್ನು ಎತ್ತಿಕೊಂಡ ಬಾಣಂತಿಗೆ, "ಬಸುರಿಯಾಗಿದ್ದಾಗ ನೀನು ಕೊರಗಿದ್ದಕ್ಕೇ ಹೀಗಾಯಿತು" ಎಂದು ಮನೆಯವರೇ ಹೇಳಿಬಿಡುವುದುಂಟು. ಈ ಮಾತಿನಲ್ಲಿ ನಿಜ ಎಷ್ಟು, ಅನ್ಯಾಯ ಎಷ್ಟು ಎಂಬುದನ್ನು ಇಂದು ಬಿಡಿಸಿ ನೋಡಬೇಕಾಗಿದೆ.

ಭಯವೋ ಚಿಂತೆಯೋ ಎದುರಾದಾಗ ಮಿದುಳಿನಿಂದ ಹೊರಟ ಸಂದೇಶವು ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳನ್ನು ಮುಟ್ಟಿ, ಕಾರ್ಟಿಸೋಲ್ ಎಂಬ ಹಾರ್ಮೋನು ರಕ್ತಕ್ಕೆ ಸೇರುತ್ತದೆ. ತಿಂಗಳು ತುಂಬುತ್ತಾ ಬಂದಂತೆ ಬಸುರಿಯಲ್ಲಿ ಇದು ಸಹಜವಾಗಿಯೇ ಏರುತ್ತದೆ. ಮಗುವಿನ ಶ್ವಾಸಕೋಶ ಬಲಿಯಲು ಅದು ಬೇಕು. ಅತಿಯಾದದ್ದು ಮಗುವಿಗೆ ತಲುಪದಂತೆ, ಗರ್ಭದಲ್ಲಿ ತಾಯಿಯನ್ನೂ ಮಗುವನ್ನೂ ಬೆಸೆಯುವ ಮಾಸಿನಲ್ಲಿರುವ (ಪ್ಲಾಸೆಂಟಾ) ಕಿಣ್ವವೊಂದು ಬಹುಪಾಲನ್ನು ನಿಷ್ಕ್ರಿಯಗೊಳಿಸುತ್ತದೆ. ತಾಯಿಯ ಆತಂಕ ತೀವ್ರವಾಗಿದ್ದಲ್ಲಿ ಈ ಕಾವಲು ಸಡಿಲವಾಗಬಹುದೆಂದು ಅಧ್ಯಯನಗಳು ಸೂಚಿಸುತ್ತವೆ. ನವಜಾತ ಶಿಶುವಿನ ಹಿಮ್ಮಡಿಗೆ ಸೂಜಿ ಚುಚ್ಚಿ ರಕ್ತ ತೆಗೆದ ಮೇಲೆ ಅದರ ಜೊಲ್ಲನ್ನು ಪರೀಕ್ಷಿಸಿದ ಸಂಶೋಧಕರು, ಗರ್ಭಾವಸ್ಥೆಯಲ್ಲಿ ಕಾರ್ಟಿಸೋಲ್ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಅದರ ಏರಿಕೆಯೂ ಹೆಚ್ಚಿರುವುದನ್ನು ಗುರುತಿಸಿದ್ದಾರೆ.

ಇದು ಒತ್ತಡದ ಪರಿಣಾಮವೋ, ತಾಯಿಯಿಂದ ವಂಶವಾಹಿಯಲ್ಲಿ ಬಂದದ್ದೋ ಎಂದು ನೀವು ಕೇಳಬಹುದು, ಕೇಳಲೇಬೇಕಾದ ಪ್ರಶ್ನೆ. 1998ರ ಜನವರಿಯಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹಿಮಗಟ್ಟುವ ಮಳೆ ಸುರಿದು ಲಕ್ಷಾಂತರ ಮನೆಗಳಿಗೆ ವಿದ್ಯುತ್ ಕಡಿತವಾಯಿತು, ಕೆಲವೆಡೆ ವಾರಗಟ್ಟಲೆ. ಸಂಶೋಧಕಿ ಸುಜಾನ್ ಕಿಂಗ್ ಮತ್ತು ಸಂಗಡಿಗರು ಆಗ ಬಸುರಿಯರಾಗಿದ್ದವರ ಮಕ್ಕಳನ್ನು ವರ್ಷಗಳ ಕಾಲ ಗಮನಿಸಿದರು. ಆ ಹಿಮಮಳೆ ಯಾರ ಸ್ವಭಾವವನ್ನೂ ನೋಡಿ ಬಂದದ್ದಲ್ಲ. ಆದುದರಿಂದಲೇ, ತಾಯಂದಿರ ಸಂಕಟಕ್ಕೂ ಆರು ತಿಂಗಳ ಶಿಶುಗಳ ಕಿರಿಕಿರಿಯ ಸ್ವಭಾವಕ್ಕೂ ಅವರು ಕಂಡ ನಂಟನ್ನು ವಂಶವಾಹಿಯ ಮೇಲೆ ಮಾತ್ರ ಹೊರಿಸಿ ಸುಮ್ಮನಾಗಲು ಬರುವುದಿಲ್ಲ.

ಆದರೂ ಇದು ಒಲವೇ ಹೊರತು ಹಣೆಬರಹವಲ್ಲ. ಒತ್ತಡದಲ್ಲಿದ್ದ ತಾಯಂದಿರ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ. ಮಾಂಟ್ರಿಯಲ್‌ನಲ್ಲಿ ಮೈಕೆಲ್ ಮೀನಿಯವರ ತಂಡ ಇಲಿಗಳ ಮೇಲೆ ನಡೆಸಿದ ಪ್ರಯೋಗ ನೆನೆಯತಕ್ಕದ್ದು: ಮರಿಗಳನ್ನು ಹೆಚ್ಚು ನೆಕ್ಕಿ ಆರೈಕೆ ಮಾಡದ ತಾಯಿಯ ಮರಿಗಳನ್ನು ಚೆನ್ನಾಗಿ ಆರೈಕೆ ಮಾಡುವ ತಾಯಿಯ ಬಳಿ ಬಿಟ್ಟಾಗ, ಅವೂ ಒತ್ತಡವನ್ನು ಶಾಂತವಾಗಿ ಎದುರಿಸುವ ಇಲಿಗಳಾದವು. ಮನುಷ್ಯರು ಇಲಿಗಳಲ್ಲ, ನಿಜ. ಆದರೆ ಹುಟ್ಟಿದ ಮೇಲಿನ ಆರೈಕೆಗೂ ಬಲವಿದೆ ಎಂಬುದನ್ನು ಮಾನವ ಶಿಶುಗಳ ಅಧ್ಯಯನಗಳೂ ಹೇಳುತ್ತವೆ.

ಹೀಗಿರುವಾಗ ತಾಯಿಯನ್ನು ದೂರುವುದು ಅವಳ ಒತ್ತಡಕ್ಕೆ ಇನ್ನಷ್ಟು ಒತ್ತಡ ಸೇರಿಸಿದಂತೆ. ತವರು ದೂರವಾಗಿ, ಬಾಣಂತನಕ್ಕೆ ಯಾರೂ ಇಲ್ಲದೆ, ಬಾಡಿಗೆ ಮನೆಯಲ್ಲಿ ಒಬ್ಬಳೇ ರಾತ್ರಿಯಿಡೀ ಮಗುವನ್ನು ತೂಗುವ ಹೆಣ್ಣುಮಕ್ಕಳು ಈ ಬೆಂಗಳೂರಿನಲ್ಲಿ ಬಹಳ ಮಂದಿ. ತಪಾಸಣೆಯಲ್ಲಿ ರಕ್ತದೊತ್ತಡ, ಹಿಮೋಗ್ಲೋಬಿನ್ ನೋಡುವಾಗಲೇ ನಿದ್ದೆ ಹೇಗಿದೆ, ಮನೆಯಲ್ಲಿ ಯಾರ ಭಯವಾದರೂ ಇದೆಯೇ ಎಂದು ಅವಳೊಬ್ಬಳನ್ನೇ ಕೂರಿಸಿಕೊಂಡು ಕೇಳಬೇಕು. ರಾತ್ರಿಯ ಒಂದು ಸರದಿಯನ್ನಾದರೂ ಗಂಡ ವಹಿಸಿಕೊಳ್ಳಬೇಕು. ಎರಡು ವಾರ ಕಳೆದರೂ ತಾಯಿಯ ಅಳು, ನಿರಾಸೆ ಕಡಿಮೆಯಾಗದಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ನಮ್ಮ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೇ ದಾಖಲಿಸಿಕೊಳ್ಳುವ ವಿಭಾಗ 2009ರಿಂದ ಇದೆ; ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತನಾಡಬಹುದು.