ನಂಜಮ್ಮ, ಮೆಹರುನ್ ಮತ್ತು ನನ್ನ ತರಗತಿಯ ಒಂದು ವರ್ಷ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರ. ಮೇಜಿನ ಮೇಲೆ ತಿದ್ದಬೇಕಾದ ಉತ್ತರ ಪತ್ರಿಕೆಗಳ ಕಟ್ಟು ಇದೆ. ಅದನ್ನು ಪಕ್ಕಕ್ಕಿಟ್ಟು ನಿಮ್ಮ ಜೊತೆ ಮಾತಾಡಲು ಕೂತಿದ್ದೇನೆ.

ನಾನು ಹಾಸನ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಡಿಗ್ರಿ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ಸಾಮಾನ್ಯವಾಗಿ ನನ್ನ ಪಾಠಕ್ಕೂ ಟಿವಿ ಸುದ್ದಿಗೂ ಸಂಬಂಧವೇ ಇರುವುದಿಲ್ಲ. 2025ರಲ್ಲಿ ಹಾಗಾಗಲಿಲ್ಲ. ಜನವರಿಯಿಂದಲೇ ಕನ್ನಡದ ಲೇಖಕರು ಸುದ್ದಿಯಲ್ಲಿದ್ದರು. ಒಮ್ಮೆ ಸಂತೋಷಕ್ಕೆ, ಹಲವು ಸಲ ಸಾವಿಗೆ, ಇನ್ನೂ ಕೆಲವು ಸಲ ಜಗಳಕ್ಕೆ.

ಆ ಜಗಳದಿಂದಲೇ ಶುರು ಮಾಡುತ್ತೇನೆ.

ಸೆಪ್ಟೆಂಬರ್ ಮೊದಲ ವಾರ. ಮೈಸೂರು ದಸರಾವನ್ನು ಬಾನು ಮುಷ್ತಾಕ್ ಉದ್ಘಾಟಿಸುತ್ತಾರೆ ಅಂತ ಸರ್ಕಾರ ಹೇಳಿ ಹತ್ತು ದಿನ ಆಗಿತ್ತಷ್ಟೆ. ನಾನು ತರಗತಿಗೆ ಕಾಲಿಡುವಾಗ ಹಿಂದಿನ ಬೆಂಚಿನಲ್ಲಿ ಇಬ್ಬರು ಹುಡುಗರು ಎದ್ದು ನಿಂತು ಕೂಗಾಡುತ್ತಿದ್ದರು. ಒಬ್ಬ, ಮುಸ್ಲಿಂ ಆದ ಅವರು ಚಾಮುಂಡಿಯ ಹಬ್ಬದ ಉದ್ಘಾಟನೆ ಮಾಡಲೇಬಾರದು ಅನ್ನುತ್ತಿದ್ದ. ಇನ್ನೊಬ್ಬ, ಅವರೇ ಮಾಡಬೇಕು ಅನ್ನುತ್ತಿದ್ದ. ಇಬ್ಬರೂ ಒಳ್ಳೆಯ ಹುಡುಗರು. ಒಂದೇ ಬಸ್ಸಿನಲ್ಲಿ ಬರುವವರು. ನಾನು ಕೇಳಿದ್ದು ಒಂದೇ ಪ್ರಶ್ನೆ. "ಅವರ ಯಾವ ಕಥೆ ಓದಿದ್ದೀರಪ್ಪಾ?"

ಇಬ್ಬರೂ ಸುಮ್ಮನಾದರು. ಆಮೇಲೆ ಇಡೀ ತರಗತಿಗೆ ಅದೇ ಪ್ರಶ್ನೆ ಕೇಳಿದೆ. ನಲವತ್ತೊಂದು ಮಕ್ಕಳಲ್ಲಿ ಒಂದು ಹುಡುಗಿ ಮಾತ್ರ ಕೈ ಎತ್ತಿದಳು.

ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಸಂಕಟ ಆಯಿತು. ಈ ಬರಹಗಾರ್ತಿ ನಮ್ಮ ಜಿಲ್ಲೆಯವರು. ಹಾಸನದಲ್ಲಿ ವಕೀಲರು. ಲಂಕೇಶ್ ಪತ್ರಿಕೆಗೆ ವರದಿ ಮಾಡಿದವರು. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದಲ್ಲಿ ಬರೆದ ಹನ್ನೆರಡು ಕಥೆಗಳಿಗೆ ಮೇ 20ರಂದು ಲಂಡನ್ನಿನಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂತು. ಕನ್ನಡದಿಂದ ಹೋದ ಪುಸ್ತಕಕ್ಕೆ ಅದು ಮೊದಲನೆಯದು. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಬಂದಿದ್ದೂ ಅದೇ ಮೊದಲು. ಆ ರಾತ್ರಿ ನಾನು ಫೋನ್ ಹಿಡಿದು ಎಚ್ಚರವಾಗಿ ಕೂತಿದ್ದೆ. ಹೆಸರು ಕೂಗಿದಾಗ ಅತ್ತೆ. ಮಡಿಕೇರಿಯ ದೀಪಾ ಭಾಸ್ತಿ ಅದನ್ನು ಇಂಗ್ಲಿಷಿಗೆ ತಂದ ರೀತಿಯೂ ನನಗೆ ತುಂಬಾ ಇಷ್ಟ. ನಮ್ಮ ಕನ್ನಡ, ಉರ್ದು, ಅರಬ್ಬಿ ಪದಗಳನ್ನು ಹೊರಗಿನವರ ಹಾಗೆ ಓರೆ ಅಕ್ಷರದಲ್ಲಿ ನಿಲ್ಲಿಸಲಿಲ್ಲ ಅವರು. ಮನೆಯವರ ಹಾಗೆ ಒಳಗೆ ಕೂರಿಸಿದರು.

ಆದರೆ ಆ ಮೇ ತಿಂಗಳಲ್ಲಿ ನಾವು ಮಾತಾಡಿದ್ದೇನು? ಬೂಕರ್ ಬಂದು ಒಂದು ವಾರ ಕಳೆಯುವಷ್ಟರಲ್ಲಿ ಎಲ್ಲ ಕಡೆ ಇದ್ದದ್ದು ಕಮಲ್ ಹಾಸನ್ ಅವರ ಮಾತು. ಕನ್ನಡ ತಮಿಳಿನಿಂದ ಹುಟ್ಟಿತು ಅಂದರು. ಅದು ತಪ್ಪು ಮಾತು. ಎರಡೂ ಒಂದೇ ಹಳೆಯ ಬೇರಿನಿಂದ ಬಂದ ಅಕ್ಕತಂಗಿಯರು. ಜನರಿಗೆ ನೋವಾಗಿದ್ದು ನನಗೆ ಅರ್ಥವಾಗುತ್ತದೆ. ಆಗ ಬರಬೇಕಿದ್ದ ಅವರ 'ಥಗ್ ಲೈಫ್' ಸಿನಿಮಾ ಇಲ್ಲಿ ಬಿಡುಗಡೆ ಆಗಲಿಲ್ಲ. ಆದರೆ ಅದೇ ದಿನಗಳಲ್ಲಿ, ಮೇ 30ರಂದು, ಕವಿ ಎಚ್.ಎಸ್. ವೆಂಕಟೇಶಮೂರ್ತಿ ಹೋದರು. ಅವರ ಭಾವಗೀತೆ ಕೇಳದ ಮನೆ ಎಷ್ಟಿದೆ ಹೇಳಿ? ಅದಕ್ಕೆ ಎರಡು ದಿನ ಮೊದಲು ಕೀನ್ಯಾದ ಲೇಖಕ ಗೂಗಿ ವಾ ಥಿಯಾಂಗೊ ತೀರಿಕೊಂಡರು. ಗಿಕುಯು ಭಾಷೆಯಲ್ಲಿ ನಾಟಕ ಆಡಿಸಿದ್ದಕ್ಕೆ ಜೈಲಿಗೆ ಹೋದವರು ಅವರು. ಇನ್ನು ಇಂಗ್ಲಿಷಿನಲ್ಲಿ ಕಾದಂಬರಿ ಬರೆಯುವುದಿಲ್ಲ ಅಂತ ತೀರ್ಮಾನಿಸಿ, ಜೈಲಿನ ಟಾಯ್ಲೆಟ್ ಪೇಪರಿನ ಮೇಲೆ ತಾಯ್ನುಡಿಯಲ್ಲಿ ಕಾದಂಬರಿ ಬರೆದರು. ತಾಯ್ನುಡಿಯ ಬಗ್ಗೆ ಅಷ್ಟು ಕೂಗಾಟ ನಡೆದ ವಾರದಲ್ಲೇ ಆ ಮನುಷ್ಯ ಹೋದರು. ನನ್ನ ಮಕ್ಕಳಿಗೆ ಅವರ ಹೆಸರೂ ಕಿವಿಗೆ ಬಿದ್ದಿರಲಿಲ್ಲ.

ಇನ್ನೊಂದು ಮಾತು. ಕನ್ನಡ ಎಷ್ಟು ಹಳೆಯದು ಅಂತ ಫೋನಿನಲ್ಲಿ ಜಗಳ ಆಡುತ್ತಿದ್ದ ಮಕ್ಕಳಿಗೆ, ಕ್ರಿ.ಶ. 450ರ ಸುಮಾರಿನ ಹಲ್ಮಿಡಿ ಶಾಸನ ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿ ಸಿಕ್ಕಿದ್ದು ಅಂತ ಗೊತ್ತಿರಲಿಲ್ಲ. ಅದರ ಹದಿನಾರು ಸಾಲನ್ನು ನಾವು ಒಂದು ಪೀರಿಯಡ್ ಕೂತು ಓದಿದೆವು. ಓದಿದ ಮೇಲೆ ಜಗಳದಲ್ಲಿ ಅವರಿಗೆ ಆಸಕ್ತಿ ಉಳಿಯಲಿಲ್ಲ. ಒಂದೊಂದು ಪದಕ್ಕೂ ಅರ್ಥ ಕೇಳಲು ಶುರು ಮಾಡಿದರು.

ದಸರಾ ವಿಷಯಕ್ಕೆ ಬರುತ್ತೇನೆ. ಬಾನು ಅವರನ್ನು ಉದ್ಘಾಟನೆಗೆ ಕರೆದದ್ದನ್ನು ಪ್ರಶ್ನಿಸಿದ್ದ ಅರ್ಜಿಯನ್ನು ಸೆಪ್ಟೆಂಬರ್ 19ರಂದು ಸುಪ್ರೀಂ ಕೋರ್ಟ್ ವಜಾ ಮಾಡಿತು. 22ರಂದು ಚಾಮುಂಡಿ ಬೆಟ್ಟದಲ್ಲಿ ಬಾನು ಮೇಡಂ ದಸರಾ ಉದ್ಘಾಟನೆ ಮಾಡಿದರು. ಎರಡೇ ದಿನ. 24ರಂದು ಕಾದಂಬರಿಕಾರ ಎಸ್.ಎಲ್. ಭೈರಪ್ಪನವರು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. 94 ವರ್ಷ.

ಭೈರಪ್ಪನವರೂ ನಮ್ಮ ಜಿಲ್ಲೆಯವರೇ. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. 2019ರಲ್ಲಿ ಅದೇ ಬೆಟ್ಟದ ಮೇಲೆ ನಿಂತು ಅದೇ ದಸರಾ ಉದ್ಘಾಟಿಸಿದ್ದು ಅವರು. ಒಂದೇ ಜಿಲ್ಲೆ, ಒಂದೇ ಭಾಷೆ, ಒಂದೇ ಬೆಟ್ಟ.

ಮತ್ತೆ ಅದೇ ಶುರುವಾಯಿತು. ವಾಟ್ಸಾಪ್ ಸ್ಟೇಟಸ್ ತುಂಬ ಅವರ ಫೋಟೋ. ಕೆಲವರು ಅವರನ್ನು ದೇವರು ಮಾಡಿದರು. ಕೆಲವರು ಸತ್ತ ದಿನವೂ ಬಿಡದೆ ಬೈದರು. ಬಾನು ಅವರನ್ನು ಮೆಚ್ಚಿದವರು ಭೈರಪ್ಪನವರನ್ನು ಮುಟ್ಟಬಾರದು, ಭೈರಪ್ಪನವರಿಗೆ ಕೈ ಮುಗಿದವರು ಬಾನು ಅವರನ್ನು ಓದಬಾರದು ಅನ್ನುವ ಹಾಗೆ ಎರಡು ಗುಂಪು. ಯಾರು ಮಾಡಿದರು ಈ ನಿಯಮ? ಪುಸ್ತಕ ಓದಿದವರಂತೂ ಮಾಡಿರಲಿಕ್ಕಿಲ್ಲ.

ನಾನು ನನ್ನ ಮನಸ್ಸನ್ನೂ ಬಿಚ್ಚಿ ಹೇಳಬೇಕು. ಭೈರಪ್ಪನವರ 'ಆವರಣ' ಕಾದಂಬರಿಯನ್ನು ನಾನು ಒಪ್ಪುವುದಿಲ್ಲ. ಅದರಲ್ಲಿ ವಾದ ಮುಂದೆ ಹೋಗುತ್ತದೆ, ಮನುಷ್ಯರು ಹಿಂದೆ ಉಳಿಯುತ್ತಾರೆ ಅಂತ ನನಗೆ ಅನಿಸಿದೆ. ಬಾನು ಅವರ ಕೆಲವು ಕಥೆಗಳಲ್ಲೂ ಕೊನೆಗೆ ಬರುವಾಗ ಕಥೆಗಾರ್ತಿಗಿಂತ ವಕೀಲರ ದನಿ ಜೋರಾಗುತ್ತದೆ. ಇದು ನನ್ನ ಅಭಿಪ್ರಾಯ. ಆದರೆ ಇದು ಓದಿ ಬಂದ ಅಭಿಪ್ರಾಯ. ಭೈರಪ್ಪನವರ 'ಗೃಹಭಂಗ'ದಂಥ ಕಾದಂಬರಿ ಕನ್ನಡದಲ್ಲಿ ಮತ್ತೊಂದಿಲ್ಲ ಅನ್ನುವುದೂ ಅಷ್ಟೇ ಓದಿ ಬಂದ ಮಾತು.

ದಸರಾ ರಜೆ ಮುಗಿದ ಮೇಲೆ ಒಂದು ಕೆಲಸ ಮಾಡಿದೆ. ಲೈಬ್ರರಿಗೆ ಹೋಗಿ 'ಗೃಹಭಂಗ' ತಂದೆ. ಬೀರುವಿಗೆ ಬೀಗ ಇತ್ತು, ಕೀಲಿಕೈ ಹುಡುಕಲು ಅರ್ಧ ಗಂಟೆ ಆಯಿತು. ಪುಸ್ತಕದ ಹಿಂದಿನ ಚೀಟಿಯಲ್ಲಿ ಕೊನೆಯ ಮುದ್ರೆ ಒಂಬತ್ತು ವರ್ಷ ಹಳೆಯದು. ನನ್ನ ಮನೆಯಿಂದ ಬಾನು ಅವರ ಕಥೆಗಳ ಪುಸ್ತಕ 'ಎದೆಯ ಹಣತೆ' ತಂದೆ. ಮಕ್ಕಳಿಗೆ ಹೇಳಿದೆ, "ಮೂರು ವಾರ ಯಾರೂ ಅಭಿಪ್ರಾಯ ಹೇಳಬೇಡಿ. ಗಟ್ಟಿಯಾಗಿ ಓದೋಣ. ಸರದಿ ಮೇಲೆ."

'ಗೃಹಭಂಗ'ದ ನಂಜಮ್ಮ ನಿಮಗೆ ಗೊತ್ತಿರಬಹುದು. ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಲೆಕ್ಕ ಬರೆಯಲು ಬಾರದು, ಹೊಟ್ಟೆ ತುಂಬಿದರೆ ಸಾಕು. ಅತ್ತೆ ಗಂಗಮ್ಮನ ಬಾಯಿ ಬೇರೆ. ಶಾನುಭೋಗಿಕೆಯ ಲೆಕ್ಕವನ್ನೆಲ್ಲ ನಂಜಮ್ಮನೇ ಕೂತು ಬರೆಯುತ್ತಾಳೆ. ಮುತ್ತುಗದ ಎಲೆ ಹಚ್ಚುತ್ತಾಳೆ. ಮಕ್ಕಳನ್ನು ಓದಿಸಬೇಕು ಅಂತ ಹಲ್ಲು ಕಚ್ಚಿ ಬದುಕುತ್ತಾಳೆ. ಆಮೇಲೆ ಪ್ಲೇಗು ಬರುತ್ತದೆ. ಮಕ್ಕಳನ್ನು ಕೊಂಡೊಯ್ಯುತ್ತದೆ. ಭೈರಪ್ಪನವರ ತಾಯಿಯೂ ಪ್ಲೇಗಿನಲ್ಲೇ ಹೋದವರು. ಅದನ್ನು ತಿಳಿದು ಓದುವಾಗ ಆ ಪುಟಗಳು ಕೈಯಲ್ಲಿ ಭಾರವಾಗುತ್ತವೆ. ಆ ಭಾಗ ಓದುವ ಸರದಿ ಬಂದಿದ್ದು ಸೆಪ್ಟೆಂಬರಿನಲ್ಲಿ ಬಾನು ಅವರ ಪರ ಕೂಗಾಡಿದ ಹುಡುಗನಿಗೆ. ಎರಡು ಪುಟ ಓದಿದ. ಮುಂದಕ್ಕೆ ಆಗಲಿಲ್ಲ ಅವನಿಗೆ. ಪುಸ್ತಕವನ್ನು ಪಕ್ಕದವನ ಕೈಗೆ ಕೊಟ್ಟು ಕಿಟಕಿ ಕಡೆ ನೋಡುತ್ತಾ ಕೂತ. ಯಾರೂ ನಗಲಿಲ್ಲ.

ಆಮೇಲೆ ಬಾನು ಅವರ ಶೀರ್ಷಿಕೆ ಕಥೆ. ಮೆಹರುನ್ ಅಂತ ಒಬ್ಬ ಹೆಂಗಸು. ಗಂಡ ಬೇರೊಬ್ಬಳ ಹಿಂದೆ ಹೋಗಿದ್ದಾನೆ. ಕೂಸನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ತವರಿನವರು ಅವಳ ಮಾತು ಪೂರ್ತಿ ಕೇಳುವುದೂ ಇಲ್ಲ. ಮರ್ಯಾದೆ ಅಂತ ಅದೇ ಗಂಡನ ಮನೆಗೆ ವಾಪಸ್ ತಂದು ಬಿಡುತ್ತಾರೆ. ರಾತ್ರಿ ಅವಳ ಕೈಯಲ್ಲಿ ಸೀಮೆಎಣ್ಣೆ. ದೊಡ್ಡ ಮಗಳು ಸಲ್ಮಾ ಕೂಸನ್ನು ಹೊತ್ತು ಓಡಿ ಬಂದು ತಡೆಯುತ್ತಾಳೆ. ಇದನ್ನು ಓದಿದವನು ಆ ಇನ್ನೊಬ್ಬ ಹುಡುಗ, ಉದ್ಘಾಟನೆ ಮಾಡಲೇಬಾರದು ಅಂದವನು. ಅವನನ್ನೇ ಬೇಕು ಅಂತ ಆರಿಸಿದ್ದೆ. ಅವನು ಕೊನೆಯ ತನಕ ಓದಿದ. ದನಿ ಸಣ್ಣದಾಗುತ್ತಾ ಹೋಗಿ ಕೊನೆಕೊನೆಗೆ ಹಿಂದಿನ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಜೋರಾಗಿ ಓದು ಅಂತ ಹೇಳುವ ಧೈರ್ಯ ನನಗೂ ಬರಲಿಲ್ಲ.

ಮೂರು ವಾರದ ಕೊನೆಗೆ ಮಾತಿಗೆ ಬಿಟ್ಟೆ. ಮೊದಲು ಮಾತಾಡಿದ್ದು ಒಬ್ಬ ಹುಡುಗಿ. ಬೆಳಗ್ಗೆ ಡೈರಿಗೆ ಹಾಲು ಹಾಕಿ ಕಾಲೇಜಿಗೆ ಬರುವವಳು, ತರಗತಿಯಲ್ಲಿ ಬಾಯಿ ಬಿಡುವುದೇ ಅಪರೂಪ. "ಮೇಡಂ, ಇಬ್ಬರಿಗೂ ವಾಪಸ್ ಹೋಗೋಕೆ ಒಂದು ಮನೆ ಇರಲಿಲ್ಲ ಅಲ್ವಾ" ಅಂದಳು. ಅಷ್ಟೇ ಹೇಳಿ ಕೂತಳು.

ಇಪ್ಪತ್ತೆರಡು ವರ್ಷ ಪಾಠ ಮಾಡಿದ್ದೇನೆ. ಈ ಎರಡು ಪುಸ್ತಕವನ್ನು ಎಷ್ಟೋ ಸಲ ಓದಿದ್ದೇನೆ. ನಂಜಮ್ಮನನ್ನೂ ಮೆಹರುನ್‌ಳನ್ನೂ ಪಕ್ಕಪಕ್ಕ ಕೂರಿಸಿ ನೋಡಲು ನನಗೇ ಹೊಳೆದಿರಲಿಲ್ಲ. ಒಬ್ಬಳು ಸ್ವಾತಂತ್ರ್ಯಕ್ಕೂ ಮುಂಚಿನ ಬ್ರಾಹ್ಮಣರ ಮನೆಯವಳು. ಇನ್ನೊಬ್ಬಳು ನಮ್ಮ ಕಾಲದ ಮುಸ್ಲಿಂ ಮನೆಯವಳು. ಅವಳ ತವರಿನಲ್ಲೂ ಇವಳ ತವರಿನಲ್ಲೂ ಅವರಿಗೆ ಜಾಗವಿಲ್ಲ. ದುಡಿಯುವುದು ಅವರು, ಮನೆ ಗಂಡನದು. ಟಿವಿಯಲ್ಲಿ ಎದುರುಬದುರು ನಿಲ್ಲಿಸಿದ ಇಬ್ಬರು ಲೇಖಕರು ತಮ್ಮ ಪುಸ್ತಕಗಳಲ್ಲಿ ಒಂದೇ ಹೆಂಗಸಿನ ನೋವನ್ನು ನೋಡುತ್ತಿದ್ದಾರೆ. ಇದು ಯಾವ ಚರ್ಚೆಯಲ್ಲೂ ಬರಲಿಲ್ಲ. ಬರುವ ಹಾಗೂ ಇರಲಿಲ್ಲ, ಯಾಕಂದರೆ ಅಲ್ಲಿ ಕೂತವರ ಮುಂದೆ ಪುಸ್ತಕ ಇರಲಿಲ್ಲ.

ಇಬ್ಬರೂ ಒಂದೇ ಅಂತ ನಾನು ಹೇಳುತ್ತಿಲ್ಲ. ಅವರ ನಿಲುವು ಬೇರೆ, ದಾರಿ ಬೇರೆ. ಆ ವ್ಯತ್ಯಾಸದ ಬಗ್ಗೆ ನನ್ನ ಮಕ್ಕಳು ಆಮೇಲೆ ಚೆನ್ನಾಗಿ ಜಗಳ ಆಡಿದರು. ಗಂಟೆ ಹೊಡೆದರೂ ಬಿಡಲಿಲ್ಲ. ಆ ಜಗಳ ನನಗೆ ಬೇಕು. ಪುಟ ತಿರುಗಿಸಿ, ಸಾಲು ತೋರಿಸಿ ಆಡುವ ಜಗಳ.

ಇನ್ನೊಬ್ಬರ ನೆನಪು ಮಾಡದೆ ಈ ವರ್ಷ ಮುಗಿಸಲಾರೆ. ಜನವರಿ ಮೊದಲ ವಾರದಲ್ಲೇ ನಾ. ಡಿಸೋಜ ಹೋದರು. ಸಾಗರದವರು. ಶರಾವತಿ ಯೋಜನೆಯಲ್ಲೇ ಕೆಲಸ ಮಾಡುತ್ತಾ, ಲಿಂಗನಮಕ್ಕಿ ಅಣೆಕಟ್ಟಿನ ನೀರು ಯಾರ ಯಾರ ಮನೆ ನುಂಗಿತು ಅಂತ ಕಣ್ಣಾರೆ ನೋಡಿ ಬರೆದವರು. ನಾಡಿಗೆ ಕರೆಂಟು ಬಂತು, ಅವರಿಗೆ ಊರು ಹೋಯಿತು. ಅವರ 'ದ್ವೀಪ' ಕಾದಂಬರಿಯಲ್ಲಿ ಗಣಪಯ್ಯ, ನಾಗವೇಣಿ ಸುತ್ತ ನೀರು ಏರುತ್ತಿದ್ದರೂ ಜಾಗ ಬಿಡಲಾಗದೆ ಕೂತಿರುತ್ತಾರೆ. ಪರಿಹಾರದ ಕಾಗದ ಬರುವ ಮುಂಚೆ ನೀರು ಬರುತ್ತದೆ.

ಅವರು ಹೋಗಿ ಆರು ತಿಂಗಳಿಗೆ, ಜುಲೈ 14ರಂದು, ಅದೇ ಶರಾವತಿ ಹಿನ್ನೀರಿನ ಮೇಲೆ ಅಂಬಾರಗೊಡ್ಲು, ಕಳಸವಳ್ಳಿ ನಡುವೆ ಸೇತುವೆ ತೆರೆಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಸಿಗಂದೂರಿಗೆ ಹೋಗುವವರೆಲ್ಲ ಸಂಭ್ರಮ ಪಟ್ಟರು. ನಾನೂ ಪಟ್ಟೆ. ಆದರೆ ಆ ದಡದ ಜನ ಬಸುರಿಯರನ್ನೂ ಹಾವು ಕಚ್ಚಿದವರನ್ನೂ ಲಾಂಚಿಗಾಗಿ ಕಾಯಿಸಿಕೊಂಡು ಅರವತ್ತು ವರ್ಷ ಕಳೆದಿದ್ದಾರೆ. ಸುದ್ದಿಯಲ್ಲಿ ಸೇತುವೆಯ ಖರ್ಚು ಬಂತು, ಡ್ರೋನ್ ವಿಡಿಯೋ ಬಂತು. ಅದರ ಕೆಳಗೆ ಮುಳುಗಿದ ಊರುಗಳನ್ನು ನೋಡಬೇಕಾದರೆ ಡಿಸೋಜ ಅವರ ಪುಸ್ತಕಕ್ಕೇ ಹೋಗಬೇಕು.

ನೋಡಿ, ಒಂದು ವಿಷಯ ಈಗ ಹೊಳೆಯಿತು. 'ದ್ವೀಪ' ಸಿನಿಮಾ ಮಾಡಿದ್ದು ಗಿರೀಶ್ ಕಾಸರವಳ್ಳಿ. ಬಾನು ಅವರ ಕಥೆಯಿಂದ 'ಹಸೀನಾ' ಮಾಡಿದ್ದೂ ಅವರೇ. 'ಗೃಹಭಂಗ'ವನ್ನು ಧಾರಾವಾಹಿ ಮಾಡಿದ್ದೂ ಅವರೇ. ಮೂವರನ್ನೂ ಪ್ರೀತಿಯಿಂದ ಓದಿದ ಒಬ್ಬರು ನಮ್ಮ ನಡುವೆಯೇ ಇದ್ದಾರೆ.

ಜನವರಿಯಲ್ಲಿ ನನ್ನ ತರಗತಿ 'ದ್ವೀಪ' ಶುರು ಮಾಡುತ್ತದೆ. ಅರ್ಧ ಪುಸ್ತಕ ಇಲ್ಲಿ ಓದಿ, ಉಳಿದದ್ದನ್ನು ಹಿನ್ನೀರಿನ ದಡದಲ್ಲಿ ಕೂತು ಓದೋಣ ಅಂತ ಮಕ್ಕಳೇ ಕೇಳಿದ್ದಾರೆ. ಪ್ರಿನ್ಸಿಪಾಲರ ಸಹಿ ಇನ್ನೂ ಆಗಿಲ್ಲ. ಬಸ್ಸಿನ ಬಾಡಿಗೆ ತಲೆಗೆ ಎಷ್ಟು ಬೀಳುತ್ತದೆ ಅಂತ ಆ ಹಿಂದಿನ ಬೆಂಚಿನ ಇಬ್ಬರು ಹುಡುಗರು ಒಂದೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕುತ್ತಿದ್ದಾರೆ. ಹಾಲು ಹಾಕಿ ಬರುವ ಹುಡುಗಿ ಮಾತ್ರ ಒಂದು ಪ್ರಶ್ನೆ ಕೇಳಿದ್ದಾಳೆ, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸ್ ಬರಬಹುದಾ ಅಂತ. ಅವಳ ಮನೆಗೆ ನಾಳೆ ನಾನೇ ಹೋಗಿ ಅವರಮ್ಮನ ಹತ್ತಿರ ಮಾತಾಡುತ್ತೇನೆ.