ಅಂಗೈಗೆ ಅಂಟುವ ಹಳದಿ

(ಶಾಲೆಗಳು ಪುನರಾರಂಭವಾಗುವ ಮುನ್ನ ತುಮಕೂರಿನಲ್ಲಿ ಶಾಲಾ ಬಸ್‌ಗಳ ಚಾಲಕರು ಮತ್ತು ಸಹಾಯಕಿಯರಿಗಾಗಿ ನಡೆದ ತರಬೇತಿಯಲ್ಲಿ ಮಾಡಿದ ಉಪನ್ಯಾಸ)

ಅಣ್ಣಂದಿರೇ, ಅಕ್ಕಂದಿರೇ, ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಅಂಗಳದಲ್ಲಿ ನಿಂತಿರುವ ಬಸ್‌ಗಳಲ್ಲಿ ಒಂದರ ಪಕ್ಕೆಗೆ ಅಂಗೈ ಒತ್ತಿ ನೋಡಿದೆ. ಕೈ ತೆಗೆದಾಗ ಅರಿಸಿನ ಹಚ್ಚಿಕೊಂಡಂತೆ ಹಳದಿ. ನಮ್ಮ ಕಡೆಯ ಧೂಳಾಗಿದ್ದರೆ ಕೆಂಪಗಿರುತ್ತಿತ್ತು. ಇದು ಬಸ್ಸಿನ ಬಣ್ಣವೇ. ಅದು ಯಾರ ಬಸ್ ಎಂದು ನಾನು ಕೇಳುವುದಿಲ್ಲ. ಐದಾರು ವರ್ಷ ಬಯಲಿನಲ್ಲಿ ನಿಂತ ಯಾವ ಬಸ್ಸಾದರೂ ಹೀಗಾಗುತ್ತದೆ. ಆದರೆ ಆ ಪುಡಿ ನನ್ನ ಕೈಗೆ ಅಂಟಿದ ಹಾಗೆಯೇ ನಾಳೆ ಹತ್ತುವ ಎಲ್‌ಕೆಜಿ ಮಗುವಿನ ಕೈಗೂ ಅಂಟುತ್ತದೆ. ಆ ಮಗು ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತದೆ. ಬಸ್ ತೊಳೆಯುವುದು, ವ್ಯಾಕ್ಸ್ ಹಚ್ಚುವುದು ಅಂದಕ್ಕೆ ಮಾಡುವ ಕೆಲಸ ಎಂದು ಶಾಲೆಗಳ ಆಡಳಿತದವರು ತಿಳಿದಿರುತ್ತಾರೆ. ಬಸ್ ಬಾಡಿ ಕಟ್ಟುವ ಶೆಡ್‌ಗಳಲ್ಲಿ ಬಣ್ಣದ ಕೆಲಸವನ್ನೇ ಮಾಡಿಕೊಂಡು ಬಂದ ನಾನು ಅದನ್ನು ಒಪ್ಪುವುದಿಲ್ಲ.

ಬಣ್ಣದಲ್ಲಿ ಮುಖ್ಯವಾಗಿ ಎರಡು ವಸ್ತುಗಳಿರುತ್ತವೆ. ಒಂದು ಬಣ್ಣದ ಪುಡಿ, ಇನ್ನೊಂದು ಆ ಪುಡಿಯನ್ನು ತಗಡಿಗೆ ಹಿಡಿದಿಡುವ ರಾಳ. ರಂಗೋಲಿ ಪುಡಿ ಗಾಳಿಗೆ ಹಾರುತ್ತದೆ, ಬಸ್ಸಿನ ಬಣ್ಣ ಮಳೆಗೂ ನಿಲ್ಲುತ್ತದೆ. ಈ ವ್ಯತ್ಯಾಸಕ್ಕೆ ರಾಳವೇ ಕಾರಣ. ಬಿಸಿಲಿನ ಅತಿನೇರಳೆ ಕಿರಣಗಳು ವರ್ಷಗಟ್ಟಲೆ ಬಿದ್ದಾಗ ಮೊದಲು ಸಾಯುವುದು ರಾಳ. ಹಿಡಿತ ತಪ್ಪಿದ ಪುಡಿ ಮೇಲೆ ಉಳಿದು, ಮುಟ್ಟಿದವರ ಕೈಗೆ ಬರುತ್ತದೆ. ಇನ್ನು ಈ ಬಣ್ಣದ ದಪ್ಪವಾದರೂ ಎಷ್ಟು? ಪುಟ್ಟಿ ತುಂಬಿದ ಜಾಗ ಬಿಟ್ಟರೆ, ಬಣ್ಣಕ್ಕೂ ಮೊದಲು ತಗಡಿಗೆ ಹೊಡೆಯುವ ಪ್ರೈಮರ್, ಬಣ್ಣ ಎಲ್ಲ ಸೇರಿ ಸುಮಾರು 100 ಮೈಕ್ರಾನ್. ಅಂದರೆ ಒಂದು ಜೆರಾಕ್ಸ್ ಹಾಳೆಯಷ್ಟು. ಸೂರ್ಯನಿಗೂ ತುಕ್ಕಿಗೂ ನಡುವೆ ನಿಂತಿರುವುದು ಆ ಒಂದು ಹಾಳೆ. ಪ್ರತಿ ಸಲ ಬಿರುಸಾಗಿ ಉಜ್ಜಿದಾಗಲೂ ಅದನ್ನು ನಾವೇ ಒಂದಿಷ್ಟು ತೆಳುವಾಗಿಸುತ್ತೇವೆ.

ಈ ಹಳದಿಯ ಹಿಂದೆ ಒಂದು ಚರಿತ್ರೆಯೂ ಇದೆ. 1939ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸಿರ್ ಎಂಬ ಪ್ರಾಧ್ಯಾಪಕರು ಅಮೆರಿಕದ ಶಾಲಾ ಬಸ್‌ಗಳಿಗೆಲ್ಲ ಒಂದೇ ಬಗೆಯ ನಿಯಮಗಳಿರಲಿ ಎಂದು ಸಮ್ಮೇಳನ ಕರೆದರು. ಬಣ್ಣವೂ ಅಲ್ಲೇ ನಿರ್ಧಾರವಾಯಿತು. ನಸುಕಿನ ಮಬ್ಬು ಬೆಳಕಿನಲ್ಲಿ ಕಣ್ಣಿಗೆ ಬೇಗ ಬೀಳುವುದು, ಕಪ್ಪು ಅಕ್ಷರ ಎದ್ದು ಕಾಣುವುದು ಈ ಹಳದಿಯ ಮೇಲೆ ಎಂದು ಅದನ್ನು ಆರಿಸಿದರು. ನಮ್ಮ ದೇಶದ ಶಾಲಾ ಬಸ್‌ಗಳ ಮಾನದಂಡವೂ ಹೊನ್ನಿನ ಹಳದಿಯನ್ನೇ ಕೇಳುತ್ತದೆ. ಬಣ್ಣದ ಅಂಗಡಿಯಲ್ಲಿ ‘ಗೋಲ್ಡನ್ ಯೆಲ್ಲೋ’ ಎಂದು ಕೇಳುತ್ತೀರಲ್ಲ, ಭಾರತೀಯ ಮಾನಕದಲ್ಲಿ ಅದರ ಸಂಖ್ಯೆ 356. ಜೂನ್ ತಿಂಗಳ ಮಳೆಯಲ್ಲಿ, ಬೆಳಗ್ಗೆ ಏಳು ಗಂಟೆಗೆ, ಎದುರಿನಿಂದ ಬರುವ ಲಾರಿಯವನಿಗೆ ಮಕ್ಕಳ ಬಸ್ ಎಂದು ದೂರದಿಂದಲೇ ಹೇಳಬೇಕಾದ ಬಣ್ಣ ಅದು. ಪುಡಿಯೆದ್ದು ಪೇಲವವಾದ ಹಳದಿ ಆ ಮಾತನ್ನು ಹೇಳುವುದು ತಡವಾಗುತ್ತದೆ.

ಅಮೆರಿಕದವರು ಆಗ ಆ ಬಣ್ಣದ ಹೆಸರಿನಲ್ಲಿ ‘ಕ್ರೋಮ್’ ಎಂಬ ಪದ ಸೇರಿಸಿದ್ದರು. ಸೀಸದ ಕ್ರೋಮೇಟ್ ಎಂಬ ಪುಡಿಯಿಂದ ಆ ಹೊಳೆಯುವ ಹಳದಿ ಬರುತ್ತಿತ್ತು. ಸೀಸ ಮಕ್ಕಳ ಮೆದುಳಿಗೆ ವಿಷ. ನಮ್ಮಲ್ಲಿ 2016ರ ನಿಯಮ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ, ಮೀರಬಾರದು ಎಂದಿತು. ಆದರೆ ಅದು ಮನೆಯ ಮತ್ತು ಅಲಂಕಾರದ ಬಣ್ಣಗಳಿಗಾಗಿ ಮಾಡಿದ ನಿಯಮ. ಹಳೆಯ ಬಸ್ಸಿಗೆ ಯಾವ ಶೆಡ್‌ನಲ್ಲಿ ಯಾವ ಡಬ್ಬಿಯ ಬಣ್ಣ ಹೊಡೆದಿದ್ದರೋ ಬಲ್ಲವರಿಲ್ಲ. ಆದ್ದರಿಂದ ಪುಡಿಯೇಳುವ ಹಳೆಯ ಹಳದಿಯನ್ನು ಒಣಗಿದ್ದಾಗ ಎಮೆರಿ ಕಾಗದದಿಂದ ಉಜ್ಜಬೇಡಿ. ಒದ್ದೆ ಮಾಡಿಯೇ ಕೆಲಸ ಮಾಡಿ, ಮೂಗಿಗೆ ಮಾಸ್ಕ್ ಕಟ್ಟಿ, ಊಟಕ್ಕೆ ಕೂರುವ ಮುಂಚೆ ಸೋಪು ಹಾಕಿ ಕೈ ತೊಳೆದುಕೊಳ್ಳಿ. ಆ ಕೆಲಸಕ್ಕೆ ತೊಟ್ಟ ಬಟ್ಟೆಯನ್ನು ಮನೆಯ ಬಟ್ಟೆಗಳ ಜೊತೆ ನೆನೆಸಬೇಡಿ. ಇದನ್ನು ನಮ್ಮ ಕಾಲದಲ್ಲಿ ಯಾರೂ ನಮಗೆ ಹೇಳಲಿಲ್ಲ.

ಈಗ ತೊಳೆಯುವ ವಿಚಾರ. ಒಣಗಿದ ಬಟ್ಟೆಯಿಂದ ಬೆಳಗ್ಗೆ ಬೆಳಗ್ಗೆ ಬಸ್ ಒರೆಸುವವರು ನಮ್ಮಲ್ಲಿ ಬಹಳ ಜನ. ಶ್ರದ್ಧೆಯಿಂದಲೇ ಮಾಡುತ್ತಾರೆ, ಆದರೆ ಅದು ಬಸ್ಸಿಗೆ ಪೆಟ್ಟು. ರಾತ್ರಿ ಕೂತ ಧೂಳಿನಲ್ಲಿ ಕಲ್ಲಿನ ಕಣಗಳಿರುತ್ತವೆ. ಕ್ವಾರಿ ರಸ್ತೆಗಳಲ್ಲಿ ಓಡಾಡುವ ಬಸ್ಸಾದರೆ ಕೇಳುವುದೇ ಬೇಡ. ಆ ಕಣಗಳನ್ನು ಬಟ್ಟೆಯಡಿ ಇಟ್ಟುಕೊಂಡು ಬಣ್ಣದ ಮೇಲೆ ಎಳೆದಂತಾಗುತ್ತದೆ. ಬಿಸಿಲಿಗೆ ಓರೆಯಾಗಿ ನಿಂತು ನೋಡಿ, ಜೇಡರ ಬಲೆಯಂತೆ ಸಣ್ಣ ಗೀರುಗಳು ಕಾಣುತ್ತವೆ. ಮೊದಲು ನೀರು ಹರಿದು ಧೂಳು ಇಳಿಯಬೇಕು, ಕೈ ಆಮೇಲೆ ಮುಟ್ಟಬೇಕು.

ಬಕೆಟ್ ಎರಡು ಇರಲಿ. ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಿಸಿ ಹಿಂಡಿ, ಆಮೇಲೆ ಶಾಂಪೂವಿಗೆ ಅದ್ದಿ. ಒಂದು ಬಸ್ ಮುಗಿದ ಮೇಲೆ ಆ ಎರಡನೆಯ ಬಕೆಟ್ಟಿನ ತಳವನ್ನು ಕೈಯಿಂದ ತಡಕಿ ನೋಡಿ. ಅಲ್ಲಿ ಸಿಗುವ ಮರಳೆಲ್ಲ ಬಣ್ಣವನ್ನು ಗೀರಬೇಕಾಗಿದ್ದ ಮರಳು. ಬಟ್ಟೆ ತೊಳೆಯುವ ಪುಡಿ ಬೇಡ. ಅದರ ಕ್ಷಾರ ಎಣ್ಣೆ ಜಿಡ್ಡಿನ ಜೊತೆಗೆ ನೀವು ಕಷ್ಟಪಟ್ಟು ಹಚ್ಚಿದ ವ್ಯಾಕ್ಸನ್ನೂ ಸವೆಸುತ್ತದೆ. ವಾಹನದ ಶಾಂಪೂ ಒಂದು ಕ್ಯಾನ್ ತಂದರೆ ಬಹಳ ದಿನ ಬರುತ್ತದೆ, ಏಕೆಂದರೆ ಬಕೆಟ್ಟಿಗೆ ಬೇಕಾಗುವುದು ಒಂದೆರಡು ಮುಚ್ಚಳ. ಚಕ್ರಕ್ಕೆ, ಮಡ್‌ಗಾರ್ಡ್‌ಗೆ ಬೇರೆಯೇ ಬಟ್ಟೆ ಇಡಿ. ಆ ಬಟ್ಟೆ ಮರೆತೂ ಮೇಲಿನ ಬಣ್ಣಕ್ಕೆ ಬರಬಾರದು.

ಡೀಸೆಲ್ ಒರೆಸುವ ರೂಢಿಯ ಬಗ್ಗೆ ಹೇಳಲೇಬೇಕು. ಡೀಸೆಲ್ ಒರೆಸಿದ ಬಸ್ ಬೆಳಗ್ಗೆ ಕನ್ನಡಿಯಂತೆ ಹೊಳೆಯುತ್ತದೆ, ನಿಜ. ಸಂಜೆಯ ಹೊತ್ತಿಗೆ ಅದೇ ಜಿಡ್ಡಿಗೆ ಊರಿನ ಧೂಳೆಲ್ಲ ಬಂದು ಕೂತಿರುತ್ತದೆ. ಕಿಟಕಿಯ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಮಕ್ಕಳ ಸಮವಸ್ತ್ರಕ್ಕೆ ವಾಸನೆ ಹತ್ತುತ್ತದೆ. ಘಾಟಿಗೆ ವಾಂತಿ ಮಾಡಿಕೊಳ್ಳುವ ಮಗುವಿನ ಬೆನ್ನು ಸವರುವವರು ಇಲ್ಲಿ ಕುಳಿತಿರುವ ಅಕ್ಕಂದಿರೇ. ದಯವಿಟ್ಟು ಬಿಟ್ಟುಬಿಡಿ. ಸೀಮೆಎಣ್ಣೆಯದೂ ಇದೇ ಕಥೆ.

ನಮ್ಮ ಜಿಲ್ಲೆಯ ಕೊಳವೆಬಾವಿ ನೀರು ಎಷ್ಟು ಗಡಸು ಎಂಬುದಕ್ಕೆ ನಿಮ್ಮ ಮನೆಯ ನೀರು ಕಾಯಿಸುವ ಹಂಡೆಯ ತಳವೇ ಸಾಕ್ಷಿ. ಅದೇ ಸುಣ್ಣ ಬಸ್ಸಿನ ಮೇಲೆ ಬಿಳಿ ಬಿಳಿ ಚುಕ್ಕಿಯಾಗಿ ಉಳಿಯುತ್ತದೆ. ಬಿಸಿಲಲ್ಲಿ ನಿಲ್ಲಿಸಿ ತೊಳೆದರೆ ನೀರು ಜಾರುವ ಮುಂಚೆಯೇ ಆರಿ, ಚುಕ್ಕಿ ಕಚ್ಚಿಕೊಳ್ಳುತ್ತದೆ. ನೆರಳಿನಲ್ಲಿ, ತಗಡು ಮುಟ್ಟಿದರೆ ತಣ್ಣಗಿರುವಾಗ ತೊಳೆಯಿರಿ. ತಾನಾಗಿ ಆರಲು ಬಿಡದೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ ಮುಗಿಸಿ. ಈಗಾಗಲೇ ಇರುವ ಚುಕ್ಕಿಗೆ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒದ್ದೆ ಬಟ್ಟೆಯಲ್ಲಿ ಒಂದೆರಡು ನಿಮಿಷ ಇಟ್ಟು, ಕೂಡಲೇ ತೊಳೆದುಬಿಡಿ. ಹಕ್ಕಿಯ ಹಿಕ್ಕೆಗೂ ಉಗುರು ಹಾಕಬೇಡಿ. ಒದ್ದೆ ಬಟ್ಟೆ ಹೊದಿಸಿ, ಚಹಾ ಕುಡಿದು ಬನ್ನಿ, ಅದೇ ಎದ್ದು ಬರುತ್ತದೆ. ಆದರೆ ಅದು ನಾಳೆಗೆ ಉಳಿಯಬಾರದು. ಅದರಲ್ಲಿ ಯೂರಿಕ್ ಆಮ್ಲವಿದೆ. ಬಿಸಿಲು ಸೇರಿದರೆ ಬಣ್ಣವನ್ನು ತಿನ್ನುತ್ತದೆ.

ನೀರಿನ ಮಿತವೂ ಈ ಕೆಲಸದ ಭಾಗ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಆದೇಶಿಸಿತ್ತು. ದಂಡದ ಮಾತು ಇರಲಿ, ಶಾಲೆಯ ನಲ್ಲಿಯಲ್ಲಿ ಮಕ್ಕಳಿಗೆ ನೀರಿಲ್ಲದ ದಿನ ಪೈಪು ಬಿಟ್ಟು ಬಸ್ ತೊಳೆಯಲು ಮನಸ್ಸಾದರೂ ಹೇಗೆ ಬರುತ್ತದೆ? ಚಾವಣಿಯ ಮಳೆನೀರನ್ನು ಡ್ರಮ್ಮಿಗೆ ಹಿಡಿದಿಡಲು ಆಡಳಿತದವರನ್ನು ಕೇಳಿ. ಮಳೆನೀರು ಮೆದು, ಅದರಲ್ಲಿ ಚುಕ್ಕಿಯ ಕಾಟವೂ ಇಲ್ಲ.

ವ್ಯಾಕ್ಸಿಗೆ ಬರುತ್ತೇನೆ. ಒಳ್ಳೆಯ ವ್ಯಾಕ್ಸಿನ ಡಬ್ಬಿಯ ಮೇಲೆ ‘ಕಾರ್ನೋಬಾ’ ಎಂಬ ಹೆಸರು ನೋಡಿರಬಹುದು. ಅದು ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ಜಾತಿಯ ತಾಳೆಯ ಎಲೆಯಿಂದ ಬರುವ ಮೇಣ. ಬಿಸಿಲಿಗೆ ತನ್ನ ಎಲೆಯ ನೀರು ಆರಿಹೋಗದಿರಲಿ ಎಂದು ಮರವೇ ಹಚ್ಚಿಕೊಂಡ ಹೊದಿಕೆ. ಕರಗಲು 80 ಡಿಗ್ರಿಗೂ ಹೆಚ್ಚು ಶಾಖ ಬೇಕು. ಜೇನುಮೇಣ ಅದಕ್ಕೂ ಮೊದಲೇ ನೀರಾಗಿರುತ್ತದೆ. ಮರ ತನ್ನ ಎಲೆಗೆ ಮಾಡಿಕೊಂಡಿದ್ದನ್ನೇ ನಾವು ತಗಡಿಗೆ ಮಾಡುತ್ತೇವೆ. ವ್ಯಾಕ್ಸ್ ಹಚ್ಚಿದ ಬಸ್ಸಿನ ಮೇಲೆ ಮಳೆಹನಿ ಕೆಸುವಿನ ಎಲೆಯ ಮೇಲಿನಂತೆ ಗುಂಡಗಾಗಿ ಉರುಳಿ, ಹೋಗುವಾಗ ಒಂದಿಷ್ಟು ಧೂಳನ್ನೂ ಕರೆದುಕೊಂಡು ಹೋಗುತ್ತದೆ.

ಆದರೆ ಪುಡಿಯೆದ್ದ ಬಣ್ಣದ ಮೇಲೆ ನೇರವಾಗಿ ಹಚ್ಚಿದ ವ್ಯಾಕ್ಸ್ ನಿಲ್ಲುವುದಿಲ್ಲ. ಮೊದಲು ನಯವಾದ ಪಾಲಿಶ್ ಹಾಕಿ ಸತ್ತ ಪದರವನ್ನು ತೆಗೆಯಬೇಕು. ಆಗ ಬಟ್ಟೆ ಹಳದಿಯಾಗುತ್ತದೆ, ಹೆದರಬೇಡಿ. ನಮ್ಮ ಬಹಳಷ್ಟು ಬಸ್‌ಗಳಲ್ಲಿ ಬಣ್ಣದ ಮೇಲೆ ಪಾರದರ್ಶಕ ಪದರ ಇರುವುದಿಲ್ಲ, ಆದ್ದರಿಂದ ಬಣ್ಣವೇ ಬಟ್ಟೆಗೆ ಬರುತ್ತದೆ. ಹೊಳಪು ಕಂಡ ಕೂಡಲೇ ನಿಲ್ಲಿಸಿ. ಒರಟು ರಬ್ಬಿಂಗ್ ಕಾಂಪೌಂಡ್ ಹಾಕಿ ವರ್ಷವರ್ಷವೂ ಮೆಷಿನ್ ಹೊಡೆದರೆ ಅಂಚುಗಳಲ್ಲಿ ಪ್ರೈಮರ್ ಇಣುಕುತ್ತದೆ. ಆ ಜೆರಾಕ್ಸ್ ಹಾಳೆಯನ್ನು ನೆನಪಿಡಿ.

ಹಚ್ಚುವಾಗ ಒಮ್ಮೆಗೆ ಎರಡು ಕಿಟಕಿಯಷ್ಟು ಅಗಲ ಸಾಕು. ತೆಳ್ಳಗೆ ಹಚ್ಚಿ. ದಪ್ಪ ಹಚ್ಚಿದರೆ ಹೆಚ್ಚು ದಿನ ಬರುವುದಿಲ್ಲ, ಒರೆಸುವಾಗ ತೋಳು ಮಾತ್ರ ನೋಯುತ್ತದೆ. ಮಂಜು ಕವಿದಂತಾದಾಗ ಬೆರಳಿನಿಂದ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಬಂದರೆ ಒರೆಸುವ ಹದ, ಮೆತ್ತಿಕೊಂಡರೆ ಇನ್ನಷ್ಟು ಕಾಯಿರಿ. ಎಫ್‌ಸಿಗೆಂದು, ಅಂದರೆ ವಾಹನದ ಫಿಟ್‌ನೆಸ್ ಪ್ರಮಾಣಪತ್ರಕ್ಕೆಂದು, ಈಗಷ್ಟೇ ಬಣ್ಣ ಹೊಡೆಸಿದ ಬಸ್ಸಾದರೆ ಕನಿಷ್ಠ ಒಂದು ತಿಂಗಳು ವ್ಯಾಕ್ಸ್ ಬೇಡ. ಬಣ್ಣವನ್ನು ತೆಳುವಾಗಿಸಲು ಬೆರೆಸಿದ ತಿನ್ನರ್ ಪೂರ್ತಿ ಆರಿ ಹೊರಗೆ ಹೋಗಬೇಕು.

ವರ್ಷಕ್ಕೆ ಎಷ್ಟು ಸಲ ಎಂದು ಕೇಳುತ್ತಾರೆ. ನಾನು ಹೇಳುವುದು ಮೂರು: ಶಾಲೆ ತೆರೆಯುವ ಮುನ್ನ, ಆಯುಧಪೂಜೆಗೆ, ಸಂಕ್ರಾಂತಿಗೆ. ಆಯುಧಪೂಜೆಗೆ ಹೇಗೂ ಬಸ್ಸನ್ನು ಮೈಯೆಲ್ಲ ತೊಳೆಯುತ್ತೀರಿ, ಪೂಜೆಯ ಹಿಂದಿನ ದಿನವೇ ವ್ಯಾಕ್ಸ್ ಮುಗಿಸಿ. ಪುಡಿಯೆದ್ದ ಬಣ್ಣಕ್ಕೆ ಒದ್ದೆ ಕುಂಕುಮ ಇಟ್ಟರೆ ಆ ಕೆಂಪು ಮುಂದಿನ ದಸರಾವರೆಗೂ ಹೋಗುವುದಿಲ್ಲ. ವ್ಯಾಕ್ಸಿನ ಮೇಲಿಟ್ಟದ್ದು ಮರುದಿನ ಒಂದೇ ಒರೆಸಿಗೆ ಬರುತ್ತದೆ. ಬಾಳೆಕಂದು, ಹೂವಿನ ಹಾರವನ್ನು ಗಮ್ ಟೇಪಿನಿಂದ ಅಂಟಿಸದೆ ದಾರದಲ್ಲಿ ಕಟ್ಟಿ. ಒಡೆದ ಬೂದುಗುಂಬಳವನ್ನು ನೀವೇ ರಸ್ತೆಯಿಂದ ಎತ್ತಿಹಾಕಿ. ಅದರ ಮೇಲೆ ಜಾರಿ ಬೀಳುವ ಬೈಕಿನವನೂ ಯಾರದೋ ಮಗ.

ವ್ಯಾಕ್ಸ್ ಎಲ್ಲಿ ಬೇಡ ಎಂಬುದನ್ನೂ ಕೇಳಿಸಿಕೊಳ್ಳಿ. ಮುಂದಿನ ಗಾಜಿಗೆ ಸೋಕಿದರೆ ಮಳೆಯಲ್ಲಿ ವೈಪರ್ ಓಡುವಾಗ ಗಾಜು ಮಸಕಾಗುತ್ತದೆ. ಹತ್ತುವ ಮೆಟ್ಟಿಲು, ಕೈಕಂಬಿ, ಒಳಗಿನ ನೆಲಕ್ಕೆ ವ್ಯಾಕ್ಸ್ ಆಗಲಿ, ಹೊಳಪಿನ ಯಾವ ಎಣ್ಣೆಯಾಗಲಿ ಸುತರಾಂ ಬೇಡ, ಮಕ್ಕಳು ಜಾರುತ್ತಾರೆ. ಹಿಂದೆ, ಪಕ್ಕದಲ್ಲಿ ಅಂಟಿಸಿರುವ ಪ್ರತಿಫಲಕ ಪಟ್ಟಿಗಳನ್ನು ಮೆತ್ತನೆ ಬಟ್ಟೆ, ಶಾಂಪೂ ನೀರಿನಲ್ಲಷ್ಟೇ ಒರೆಸಿ. ಪ್ರೆಶರ್ ವಾಷರ್ ಬಳಸುವವರು ಆ ಪಟ್ಟಿಯಿಂದಲೂ ಶಾಲೆಯ ಹೆಸರಿನ ಸ್ಟಿಕ್ಕರ್‌ನಿಂದಲೂ ಎರಡಡಿ ದೂರ ಹಿಡಿಯಿರಿ. ಅಂಚು ಒಮ್ಮೆ ಎದ್ದರೆ ಒಳಗೆ ನೀರು, ನೀರಿನ ಹಿಂದೆ ತುಕ್ಕು.

ಒಂದು ಸಲ ಹೀಗೇ ವ್ಯಾಕ್ಸ್ ಒರೆಸುತ್ತ ತುರ್ತು ಬಾಗಿಲಿನ ಬಳಿ ಬಂದಾಗ ಒರೆಸುವ ಬಟ್ಟೆಯ ಎಳೆ ಯಾವುದಕ್ಕೋ ಸಿಕ್ಕಿಕೊಂಡಿತು. ಬಗ್ಗಿ ನೋಡಿದರೆ ಕೀಲಿನ ಸ್ಕ್ರೂ ಅರ್ಧ ಹೊರಗೆ ಬಂದಿತ್ತು. ಬಾಗಿಲು ತೆರೆಯಲು ಹೋದರೆ ಹಿಡಿ ತಿರುಗಲೇ ಇಲ್ಲ, ತುಕ್ಕು ಹಿಡಿದಿತ್ತು. ಆ ಬಸ್ಸಿನಲ್ಲಿ ದಿನವೂ ಮಕ್ಕಳು ಓಡಾಡುತ್ತಿದ್ದರು. ದೂರದಲ್ಲಿ ನಿಂತು ನೋಡುವ ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ಅಂದಿನಿಂದ ಕಿಟಕಿಯ ಕಂಬಿಗಳನ್ನು ಒರೆಸುವಾಗ ಒಂದೊಂದನ್ನೂ ಹಿಡಿದು ಅಲ್ಲಾಡಿಸಿ ನೋಡುವುದು, ತುರ್ತು ಬಾಗಿಲನ್ನು ತೊಳೆದಾಗಲೆಲ್ಲ ತೆರೆದು ಮುಚ್ಚುವುದು ನನ್ನ ಪಾಠವಾಗಿದೆ. ನೀವೂ ಹಾಗೆಯೇ ಮಾಡಿ. ಸಿಕ್ಕಿದ್ದನ್ನು ಅಂದೇ ಡೈರಿಯಲ್ಲಿ ಬರೆದು ಆಡಳಿತದವರ ಸಹಿ ಹಾಕಿಸಿಕೊಳ್ಳಿ.

ಈಗ ಹೊರಗೆ ಹೋಗೋಣ. ನನ್ನ ಅಂಗೈಗೆ ಹಳದಿ ಅಂಟಿಸಿದ ಬಸ್ಸನ್ನೇ ಹೊಂಗೆ ಮರದ ನೆರಳಿಗೆ ತರಿಸಿದ್ದೇನೆ. ಅದರ ಎಡಪಕ್ಕೆಯನ್ನು ಮಾತ್ರ ತೊಳೆದು, ಪಾಲಿಶ್ ಮಾಡಿ, ವ್ಯಾಕ್ಸ್ ಹಚ್ಚೋಣ. ಆಮೇಲೆ ಎರಡೂ ಬದಿಗೆ ಒಂದೊಂದು ಚೊಂಬು ನೀರು ಎರಚಿ, ಎರಡೂ ಬದಿಗೆ ನಿಮ್ಮ ಕೈ ಒತ್ತಿ ನೀವೇ ನೋಡಿ. ಮೇಲಿನಿಂದ ಶುರು, ಬಿಸಿಲು ಹೆಚ್ಚು ತಿನ್ನುವುದು ಚಾವಣಿಯನ್ನೇ. ಏಣಿ ಹಿಡಿಯಲು ಇಬ್ಬರು ಮುಂದೆ ಬನ್ನಿ.